ಹಂಚಿಕೊಂಡರೆ ಅಗ್ಗವೆಂಬ ಭ್ರಮೆ

ಸೇನಾ ವಿಮಾನಗಳ ಅಭಿವೃದ್ಧಿಯ ಕುರಿತು ರಕ್ಷಣಾ ಸಚಿವಾಲಯಗಳಲ್ಲೂ ಪತ್ರಿಕೆಗಳ ಸಂಪಾದಕೀಯಗಳಲ್ಲೂ ಬೇರೂರಿರುವ ಅಭಿಪ್ರಾಯವೊಂದು, ಆಧಾರ ಕೇಳುವ ಅಗತ್ಯವೇ ಇಲ್ಲವೆಂಬಷ್ಟು ಸಹಜವಾಗಿ ಸ್ವೀಕೃತವಾಗಿದೆ. ಹೊಸ ಪೀಳಿಗೆಯ ಯುದ್ಧವಿಮಾನವನ್ನು ರೂಪಿಸುವ ವೆಚ್ಚ ಮಧ್ಯಮ ಗಾತ್ರದ ಯಾವುದೇ ದೇಶದ ಬೊಕ್ಕಸಕ್ಕೆ ಮೀರಿದ್ದು. ಆದ್ದರಿಂದ ಹಲವು ದೇಶಗಳು ಕೂಡಿ ವೆಚ್ಚ ಹಂಚಿಕೊಳ್ಳಬೇಕು. ಎಲ್ಲರ ಬೇಡಿಕೆಯೂ ಒಂದೆಡೆ ಸೇರಿದರೆ ತಯಾರಾಗುವ ವಿಮಾನಗಳ ಸಂಖ್ಯೆ ಹೆಚ್ಚಿ ಪ್ರತಿಯೊಂದರ ಬೆಲೆ ಇಳಿಯುತ್ತದೆ. ಒಂದೇ ವಿಮಾನ ಹಾರಿಸುವ ಮಿತ್ರರಾಷ್ಟ್ರಗಳು ಯುದ್ಧಕಾಲದಲ್ಲಿ ಬಿಡಿಭಾಗಗಳನ್ನೂ ತರಬೇತಿಯನ್ನೂ ಪರಸ್ಪರ ಒದಗಿಸಿಕೊಳ್ಳಬಹುದು ಎಂಬುದು ಈ ಪೂರ್ವಪಕ್ಷದ ಸಾರ. ಇದಕ್ಕೆ ಬೆನ್ನಿಗಂಟಿಕೊಂಡೇ ಬರುವ ಎರಡನೆಯ ಮಾತೆಂದರೆ, ಇಂತಹ ಯೋಜನೆಗಳು ದಶಕಗಟ್ಟಲೆ ತಡವಾಗಿ, ವೆಚ್ಚ ಮಿತಿಮೀರಿ, ಕೆಲವೊಮ್ಮೆ ಮುರಿದೇ ಬೀಳುವುದಕ್ಕೆ ಕಾರಣ ಸಹಕಾರವಲ್ಲ, ಸಹಕಾರದ ಕೊರತೆ; ರಾಷ್ಟ್ರಾಭಿಮಾನವನ್ನು ಬದಿಗಿಟ್ಟು ಇನ್ನಷ್ಟು ಒಗ್ಗಟ್ಟಾಗಿ ದುಡಿದರೆ ಮುಂದಿನ ಸಲ ಎಲ್ಲವೂ ಸರಿಹೋಗುತ್ತದೆ. ಯೋಜನೆ ಗೆದ್ದರೆ ಕೀರ್ತಿ ಸಹಕಾರಕ್ಕೆ, ಸೋತರೆ ದೋಷ ಸಹಕಾರ ಸಾಲದ್ದಕ್ಕೆ ಎಂದಮೇಲೆ, ಯಾವ ಸಾಕ್ಷ್ಯದಿಂದಲೂ ಅಲುಗಿಸಲಾಗದ ಸ್ಥಾನದಲ್ಲಿ ಈ ನಂಬಿಕೆ ಕುಳಿತಿದೆ.

ಸಾಕ್ಷ್ಯ ಮಾತ್ರ ಬೇರೆಯದನ್ನೇ ಹೇಳುತ್ತದೆ. ಐರೋಪ್ಯ ದೇಶಗಳು 60 ವರ್ಷಗಳಿಂದ ಕೂಡಿ ಕಟ್ಟಿದ ಸೇನಾ ವಿಮಾನಗಳ ಇತಿಹಾಸವನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರೆ ವಿಳಂಬಕ್ಕೂ ದುಂದಿಗೂ ಕಾರಣ ಪಾಲುದಾರರ ದುರ್ಬುದ್ಧಿಯಲ್ಲ, ಪಾಲುದಾರಿಕೆಯ ರಚನೆಯೇ ಎಂಬುದು ಕಾಣುತ್ತದೆ. ಹಣ ಹಾಕುವ ಸರ್ಕಾರವೇ ವಿಮಾನದ ಗ್ರಾಹಕ, ಅದೇ ಸರ್ಕಾರವೇ ತನ್ನ ದೇಶದ ಕಾರ್ಖಾನೆಗಳ ವಕೀಲ, ಅದೇ ಸರ್ಕಾರಕ್ಕೆ ಯಾವ ತೀರ್ಮಾನವನ್ನೂ ತಡೆಯುವ ಅಧಿಕಾರ. ಈ ಮೂರು ಪಾತ್ರಗಳನ್ನೂ ಸಮಾನ ಹಕ್ಕಿನ ಹಲವು ದೇಶಗಳು ಏಕಕಾಲಕ್ಕೆ ವಹಿಸುವ ಕೂಟದಿಂದ ಅಗ್ಗದ ವಿಮಾನ ಹೊರಬರುವುದು ಅಪವಾದವೇ ಹೊರತು ನಿಯಮವಾಗಲಾರದು.

ಮೊದಲು ಲೆಕ್ಕವನ್ನೇ ನೋಡಬೇಕು. ಪಾಲುದಾರ ದೇಶಗಳ ಸಂಖ್ಯೆ ಹೆಚ್ಚಿದಂತೆ ಒಟ್ಟು ಅಭಿವೃದ್ಧಿ ವೆಚ್ಚ ಆ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಏರುತ್ತದೆ ಎಂಬ ಒಂದು ಸ್ಥೂಲ ಸೂತ್ರ ರಕ್ಷಣಾ ಅರ್ಥಶಾಸ್ತ್ರಜ್ಞರಲ್ಲಿ ಬಳಕೆಯಲ್ಲಿದೆ. ಅಂದರೆ ಒಂದು ದೇಶ ಒಂಟಿಯಾಗಿ 100 ರೂಪಾಯಿಯಲ್ಲಿ ಮಾಡಬಹುದಾದ ಕೆಲಸಕ್ಕೆ ನಾಲ್ಕು ದೇಶಗಳು ಕೂಡಿದರೆ 200 ರೂಪಾಯಿ ಬೇಕಾಗುತ್ತದೆ. ಭಾಷಾಂತರ, ಸಮಿತಿ, ನಕಲು ಪ್ರಯೋಗಾಲಯ, ಗಡಿ ದಾಟುವ ಸಾಗಣೆ, ಒಮ್ಮತಕ್ಕಾಗಿ ಕಾಯುವ ತಿಂಗಳುಗಳು ಈ ಹೆಚ್ಚಳವನ್ನು ನುಂಗುತ್ತವೆ. ಸಹಕಾರವಾದಿಗಳು ಈ ಸೂತ್ರವನ್ನು ಅಲ್ಲಗಳೆಯುವುದಿಲ್ಲ, ಬದಲಿಗೆ ತಲಾ ಪಾಲು 50 ರೂಪಾಯಿಗಿಳಿಯಿತಲ್ಲ, ಅರ್ಧ ಉಳಿಯಿತಲ್ಲ ಎಂದು ಅದನ್ನೇ ತಮ್ಮ ಪರವಾಗಿ ಮುಂದಿಡುತ್ತಾರೆ. ಆ ಉಳಿತಾಯ ನಿಜವಾಗಬೇಕಾದರೆ ಮೂರು ಷರತ್ತುಗಳು ಈಡೇರಬೇಕು: ನಾಲ್ಕೂ ದೇಶಗಳಿಗೆ ಬೇಕಾದದ್ದು ಒಂದೇ ವಿಮಾನವಾಗಿರಬೇಕು, ಅದು ಎಲ್ಲರಿಗೂ ಒಂದೇ ಕಾಲಕ್ಕೆ ಬೇಕಾಗಿರಬೇಕು, ಮೊದಲು ಕೊಟ್ಟ ಮಾತಿನಷ್ಟೇ ಸಂಖ್ಯೆಯಲ್ಲಿ ಎಲ್ಲರೂ ಕೊಳ್ಳಬೇಕು. ಸೂತ್ರವನ್ನು ಉದ್ಧರಿಸುವವರು ಈ ಷರತ್ತುಗಳ ಮೇಲೆ ಬೆರಳಿಟ್ಟು ತೋರಿಸುವುದು ವಿರಳ.

ಷರತ್ತುಗಳು ಒಂದೊಂದಾಗಿ ಕುಸಿದ ಬಗೆಯನ್ನು ಯೂರೋಫೈಟರ್ ಟೈಫೂನ್ ಯೋಜನೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. 1980ರ ದಶಕದ ಮೊದಲರ್ಧದಲ್ಲಿ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಮತ್ತು ಫ್ರಾನ್ಸ್ ಒಟ್ಟಾಗಿ ಚರ್ಚೆಗೆ ಕುಳಿತವು. ಫ್ರಾನ್ಸಿಗೆ ವಿಮಾನವಾಹಕ ಹಡಗಿನಿಂದಲೂ ಹಾರಬಲ್ಲ ಹಗುರ ವಿಮಾನ ಬೇಕಿತ್ತು, ತನ್ನದೇ ಎಂಜಿನ್ ಇರಬೇಕಿತ್ತು, ವಿನ್ಯಾಸದ ನಾಯಕತ್ವವೂ ತನಗೇ ಬೇಕಿತ್ತು. ಉಳಿದವರು ಒಪ್ಪದಿದ್ದಾಗ 1985ರಲ್ಲಿ ಅದು ಹೊರನಡೆಯಿತು. ಉಳಿದ ನಾಲ್ಕು ದೇಶಗಳು ಒಟ್ಟು 765 ವಿಮಾನಗಳನ್ನು ಕೊಳ್ಳುವುದಾಗಿ ಹೇಳಿದವು: ಬ್ರಿಟನ್ 250, ಜರ್ಮನಿ 250, ಇಟಲಿ 165, ಸ್ಪೇನ್ 100. ಈ ಸಂಖ್ಯೆಗಳು ವಾಯುಪಡೆಗಳ ನಿಜವಾದ ಅಗತ್ಯವನ್ನು ಮಾತ್ರ ಅಳೆದು ಹೇಳಿದವೆಂದು ತಿಳಿದರೆ ಅದು ಮುಗ್ಧತೆಯಾದೀತು. ಇಂತಹ ಒಪ್ಪಂದಗಳಲ್ಲಿ ಯಾವ ದೇಶ ಎಷ್ಟು ವಿಮಾನ ಕೊಳ್ಳುತ್ತದೆಯೋ ಅಷ್ಟೇ ಪ್ರಮಾಣದ ಕೆಲಸ ಆ ದೇಶದ ಕಾರ್ಖಾನೆಗಳಿಗೆ ಸಿಗಬೇಕೆಂಬ ನಿಯಮವಿರುತ್ತದೆ. ಹಾಕಿದ ಹಣಕ್ಕೆ ತಕ್ಕ ಕೆಲಸದ ವಾಪಸಾತಿ ಎಂಬ ಈ ತತ್ತ್ವದ ಪ್ರಕಾರ ಕೆಲಸವನ್ನು ಬ್ರಿಟನ್ನಿಗೆ ಮತ್ತು ಜರ್ಮನಿಗೆ ಶೇಕಡಾ 33ರಂತೆ, ಇಟಲಿಗೆ 21, ಸ್ಪೇನಿಗೆ 13 ಎಂದು ಹಂಚಲಾಯಿತು. ಕೊಳ್ಳುವ ಸಂಖ್ಯೆಯೇ ಕೆಲಸದ ಪಾಲನ್ನು ನಿರ್ಧರಿಸುವುದಾದರೆ, ಒಪ್ಪಂದದ ದಿನ ಸಂಖ್ಯೆಯನ್ನು ಉಬ್ಬಿಸಿ ಹೇಳಿ, ಕೆಲಸ ಕೈಸೇರಿದ ಮೇಲೆ ಅದನ್ನು ಇಳಿಸುವುದೇ ಪ್ರತಿ ದೇಶಕ್ಕೂ ಲಾಭದಾಯಕ. ಆದದ್ದೂ ಅದೇ. ಶೀತಲ ಸಮರ ಮುಗಿದ ಮೇಲೆ ಜರ್ಮನಿ ತನ್ನ ಬೇಡಿಕೆಯನ್ನು 140ಕ್ಕೆ ಇಳಿಸಿತು, ಆದರೆ ಕೆಲಸದ ಪಾಲು ಮಾತ್ರ ಅದೇ ಅನುಪಾತದಲ್ಲಿ ಇಳಿಯಬಾರದೆಂದು ಪಟ್ಟುಹಿಡಿಯಿತು. ವರ್ಷಗಳ ಜಗ್ಗಾಟದ ನಂತರ ಅದು 180 ವಿಮಾನಗಳಿಗೆ ಒಪ್ಪಿಕೊಂಡು ಶೇಕಡಾ 30ರ ಪಾಲನ್ನು ಉಳಿಸಿಕೊಂಡಿತು. ಒಟ್ಟು ಸಂಖ್ಯೆ 765ರಿಂದ 620ಕ್ಕೆ ಇಳಿಯಿತು. ಸಂಖ್ಯೆ ಹೆಚ್ಚಿದರೆ ಬೆಲೆ ಇಳಿಯುತ್ತದೆಂಬ ಪೂರ್ವಪಕ್ಷದ ಮೂಲವಾದ ನಿಂತಿದ್ದದ್ದು ಉಬ್ಬಿಸಿದ ಆ ಮೊದಲ ಸಂಖ್ಯೆಯ ಮೇಲೆ.

ಕೆಲಸ ಹಂಚಿಕೆಯ ಸ್ವರೂಪವನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಟೈಫೂನಿನ ಎಡ ರೆಕ್ಕೆ ತಯಾರಾಗುವುದು ಇಟಲಿಯಲ್ಲಿ, ಬಲ ರೆಕ್ಕೆ ಸ್ಪೇನಿನಲ್ಲಿ. ಒಡಲಿನ ನಡುಭಾಗ ಜರ್ಮನಿಯದು, ಮುಂಭಾಗ ಬ್ರಿಟನ್ನಿನದು. ಒಂದೇ ವಿಮಾನದ ಎರಡು ರೆಕ್ಕೆಗಳನ್ನು ಎರಡು ದೇಶಗಳಲ್ಲಿ ತಯಾರಿಸುವುದಕ್ಕೆ ವಾಯುಗತಿಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ, ಲೆಕ್ಕಪತ್ರದಲ್ಲಿ ಮಾತ್ರ ಇದೆ. ಹೀಗೆ ತಯಾರಾದ ಭಾಗಗಳು ಒಂದೇ ಜೋಡಣಾ ಘಟಕಕ್ಕೆ ಬಂದು ಸೇರಿದ್ದರೆ ದೊಡ್ಡ ಸಂಖ್ಯೆಯ ತಯಾರಿಕೆಯ ಲಾಭ ಅಷ್ಟಾದರೂ ದಕ್ಕುತ್ತಿತ್ತು, ಆದರೆ ಬ್ರಿಟನ್ನಿನ ವಾರ್ಟನ್, ಜರ್ಮನಿಯ ಮಾಂಚಿಂಗ್, ಇಟಲಿಯ ಟ್ಯೂರಿನ್, ಸ್ಪೇನಿನ ಗೆಟಾಫೆ ಎಂದು ನಾಲ್ಕು ದೇಶಗಳಲ್ಲಿ ನಾಲ್ಕು ಅಂತಿಮ ಜೋಡಣಾ ಘಟಕಗಳನ್ನು ನಿರ್ಮಿಸಲಾಯಿತು. ನಾಲ್ಕು ಮನೆಯವರು ಸೇರಿ ಒಂದೇ ಹಬ್ಬದಡುಗೆ ಮಾಡುತ್ತೇವೆಂದು ಹೊರಟು ನಾಲ್ಕು ಒಲೆ ಹೂಡಿದರೆ ಸೌದೆ ಉಳಿಯಿತೆಂದು ಯಾರೂ ಹೇಳಿಕೊಳ್ಳುವುದಿಲ್ಲ. ವಿಮಾನದ ವಿಷಯದಲ್ಲಿ ಮಾತ್ರ ಅದನ್ನೇ ಮಿತವ್ಯಯವೆಂದು ಕರೆಯಲಾಯಿತು.

ಇದರ ಬಿಲ್ಲು ಬಂದದ್ದು 2011ರಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಆ ವರ್ಷ ಪ್ರಕಟಿಸಿದ ವರದಿಯ ಪ್ರಕಾರ, ಮೊದಲಿನ 250ರಿಂದ ಇಳಿಸಿ 232 ವಿಮಾನಗಳನ್ನು ಕೊಳ್ಳಲು ಹೊರಟಿದ್ದ ದೇಶ ಕೊಳ್ಳಲಿದ್ದದ್ದು 160 ಮಾತ್ರ. ಆದರೂ ವೆಚ್ಚ ಮೊದಲ ಅಂದಾಜನ್ನು 350 ಕೋಟಿ ಪೌಂಡುಗಳಷ್ಟು ಮೀರಿ 2,020 ಕೋಟಿ ಪೌಂಡುಗಳಿಗೆ ತಲುಪಿತ್ತು, ಪ್ರತಿ ವಿಮಾನದ ಬೆಲೆ ಶೇಕಡಾ 75ರಷ್ಟು ಏರಿತ್ತು. ಪ್ರಮುಖ ತೀರ್ಮಾನಗಳಿಗೆಲ್ಲ ನಾಲ್ಕೂ ದೇಶಗಳ ಒಪ್ಪಿಗೆ ಬೇಕಾಗಿದ್ದು ನಿರ್ಧಾರಗಳು ನಿಧಾನವಾದವೆಂದೂ, ಬಿಡಿಭಾಗಗಳು ಸಕಾಲಕ್ಕೆ ಬಾರದೆ ಒಂದು ವಿಮಾನದ ಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಬೇಕಾಯಿತೆಂದೂ ಅದೇ ಕಚೇರಿ ದಾಖಲಿಸಿತು. ಪರಸ್ಪರ ಬಿಡಿಭಾಗ ಹಂಚಿಕೊಳ್ಳುವ ಅನುಕೂಲಕ್ಕೆಂದೇ ಕೂಡಿದ ದೇಶಗಳಲ್ಲೊಂದರ ಕಥೆ ಇದು. ಇನ್ನು ಸಮಾನ ಉಪಕರಣದ ಮಾತು. 1980ರ ದಶಕದ ಕೊನೆಯಲ್ಲಿ ಬ್ರಿಟಿಷರ ರೇಡಾರೋ ಜರ್ಮನರು ಬಯಸಿದ ರೇಡಾರೋ ಎಂಬ ಜಗಳದಲ್ಲಿ ಯೋಜನೆ ನಿಂತಲ್ಲೇ ನಿಂತಿತ್ತು. ಇಂದು ಅದೇ ವಿಮಾನಕ್ಕೆ ಹೊಸ ಬಗೆಯ ರೇಡಾರ್ ಅಳವಡಿಸುವ ಕಾಲ ಬಂದಾಗ ಕುವೈತ್ ಮತ್ತು ಕತಾರಿಗೆ ಒಂದು, ಜರ್ಮನಿ ಮತ್ತು ಸ್ಪೇನಿಗೆ ಇನ್ನೊಂದು, ಬ್ರಿಟನ್ನಿಗೆ ಮತ್ತೊಂದು ಎಂದು ಮೂರು ಬಗೆಗಳು ತಯಾರಾಗುತ್ತಿವೆ.

ವಿಮಾನ ಬೇಡವೆನಿಸಿದವರು ಹೊರಹೋಗಬಹುದಿತ್ತಲ್ಲ ಎಂದು ಕೇಳಬಹುದು. 1992ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಫೋಲ್ಕರ್ ರ್‍ಯೂಹೆ ಅದಕ್ಕೆ ಯತ್ನಿಸಿದರು. ಹೆಚ್ಚು ಅಗ್ಗದ, ಹಗುರ ವಿಮಾನ ಸಾಕೆಂಬುದು ಅವರ ವಾದವಾಗಿತ್ತು. ಅಧ್ಯಯನಗಳು ನಡೆದವು, ಹೆಸರು ಬದಲಾಯಿತು, ಕೆಲವು ಸೌಲಭ್ಯಗಳು ಐಚ್ಛಿಕವಾದವು. ವಿಮಾನ ಹೆಚ್ಚುಕಡಿಮೆ ಹಿಂದಿನದೇ ಉಳಿಯಿತು. ಒಬ್ಬರು ಮಧ್ಯದಲ್ಲಿ ಕೈಬಿಟ್ಟರೆ ಉಳಿದವರಿಗಾಗುವ ನಷ್ಟವನ್ನು ಅವರೇ ತುಂಬಿಕೊಡಬೇಕೆಂಬ ಷರತ್ತುಗಳು ಇಂತಹ ಒಪ್ಪಂದಗಳಲ್ಲಿರುವುದರಿಂದ ಹೊರಹೋಗುವುದು ಉಳಿಯುವುದಕ್ಕಿಂತ ದುಬಾರಿಯಾಗುತ್ತದೆ. ಬಹುರಾಷ್ಟ್ರೀಯ ಸಹಕಾರ ನಿಜವಾಗಿ ಖರೀದಿಸಿ ಕೊಡುವ ವಸ್ತು ಇದೇ: ರದ್ದಾಗದ ಯೋಜನೆ. ಸೇನಾ ಕೈಗಾರಿಕೆಗಳೂ ಅವುಗಳ ಕ್ಷೇತ್ರಗಳನ್ನು ಪ್ರತಿನಿಧಿಸುವ ಸಂಸದರೂ ಸಹಕಾರವನ್ನು ಹಾಡಿ ಹೊಗಳುವುದು ಏಕೆಂದು ಅರ್ಥವಾಗಲು ಬೇರೆ ವಿವರಣೆ ಬೇಕಿಲ್ಲ. ತೆರಿಗೆದಾರನ ದೃಷ್ಟಿಯಿಂದ ಮಾತ್ರ, ತಪ್ಪು ದಾರಿ ಹಿಡಿದ ಯೋಜನೆಯನ್ನು ನಿಲ್ಲಿಸುವ ಅಧಿಕಾರವನ್ನೇ ಒತ್ತೆಯಿಡುವುದು ಉಳಿತಾಯವಲ್ಲ.

ಯುದ್ಧವಿಮಾನದ ಜಟಿಲತೆಯೇ ಇದಕ್ಕೆಲ್ಲ ಕಾರಣವೆಂದು ಹೇಳುವವರು ಏ400ಎಂ ಸಾಗಣೆ ವಿಮಾನದ ಇತಿಹಾಸವನ್ನು ಗಮನಿಸಬೇಕು. ಸೈನಿಕರನ್ನೂ ವಾಹನಗಳನ್ನೂ ಹೊತ್ತೊಯ್ಯುವ, ನಾಲ್ಕು ಪ್ರೊಪೆಲರುಗಳ ಈ ವಿಮಾನಕ್ಕಾಗಿ 2003ರ ಮೇ ತಿಂಗಳಲ್ಲಿ ಏಳು ದೇಶಗಳು 180 ವಿಮಾನಗಳ, 2,000 ಕೋಟಿ ಯೂರೋಗಳ ನಿಗದಿತ ಬೆಲೆಯ ಒಪ್ಪಂದಕ್ಕೆ ಸಹಿ ಹಾಕಿದವು. ನಿಗದಿತ ಬೆಲೆಯೆಂದರೆ ಹೆಚ್ಚಾದ ವೆಚ್ಚವನ್ನು ತಯಾರಕನೇ ಹೊರಬೇಕೆಂದರ್ಥ. ಹೀಗೆ ಅಪಾಯ ಹೊರುವವನಿಗೆ ಕನಿಷ್ಠಪಕ್ಷ ಎಂಜಿನ್ ಆರಿಸುವ ಸ್ವಾತಂತ್ರ್ಯವಿರಬೇಕಿತ್ತು. ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾ ಕಂಪನಿಯ ಎಂಜಿನ್ ಕಡಿಮೆ ಬೆಲೆಗೆ ಸಿಗುವಂತಿತ್ತು, ತಯಾರಕನಾದ ಏರ್‌ಬಸ್ಸಿನ ಒಲವೂ ಅತ್ತಲೇ ಇತ್ತು. ಎಂಜಿನ್ ಐರೋಪ್ಯವೇ ಆಗಿರಬೇಕೆಂಬ ಸರ್ಕಾರಗಳ ಒತ್ತಡದಿಂದ ಕೊನೆಗೆ ಆಯ್ಕೆಯಾದದ್ದು ಬ್ರಿಟನ್, ಫ್ರಾನ್ಸ್, ಜರ್ಮನಿ, ಸ್ಪೇನ್‌ಗಳ ನಾಲ್ಕು ಕಂಪನಿಗಳು ಈ ಕೆಲಸಕ್ಕಾಗಿಯೇ ಕಟ್ಟಿಕೊಂಡ ಕೂಟದ, ಆಗಿನ್ನೂ ಕಾಗದದ ಮೇಲಿದ್ದ ಎಂಜಿನ್. ಸುಮಾರು 11,000 ಅಶ್ವಶಕ್ತಿಯ ಅಂತಹ ಪ್ರೊಪೆಲರ್ ಎಂಜಿನನ್ನು ಪಶ್ಚಿಮದಲ್ಲಿ ಯಾರೂ ಅದುವರೆಗೆ ಉತ್ಪಾದಿಸಿರಲಿಲ್ಲ. ಎಂಜಿನ್ ನಿಯಂತ್ರಿಸುವ ತಂತ್ರಾಂಶ ನಾಗರಿಕ ವಿಮಾನಯಾನದ ಪ್ರಮಾಣಪತ್ರಕ್ಕೆ ಬೇಕಾದ ದಾಖಲೆಗಳ ಶಿಸ್ತನ್ನು ಪೂರೈಸಲಿಲ್ಲ. 2008ರಲ್ಲಿ ಹಾರಬೇಕಿದ್ದ ವಿಮಾನ ಮೊದಲು ಹಾರಿದ್ದು 2009ರ ಡಿಸೆಂಬರ್ 11ರಂದು, ವಾಯುಪಡೆಯೊಂದರ ಕೈಸೇರಿದ್ದು 2013ರಲ್ಲಿ. ನಡುವೆ 2010ರಲ್ಲಿ ನಿಗದಿತ ಬೆಲೆಯೆಂಬುದು ಹೆಸರಿಗಷ್ಟೇ ಉಳಿದು, ಸರ್ಕಾರಗಳು 350 ಕೋಟಿ ಯೂರೋಗಳ ನೆರವಿಗೆ ಒಪ್ಪಬೇಕಾಯಿತು. ಅಷ್ಟಾದರೂ ಜರ್ಮನಿ 60ರ ಬದಲು 53, ಬ್ರಿಟನ್ 25ರ ಬದಲು 22 ವಿಮಾನ ಸಾಕೆಂದವು.

ಎನ್‌ಎಚ್90 ಹೆಲಿಕಾಪ್ಟರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎಲ್ಲರಿಗೂ ಒಂದೇ ಹೆಲಿಕಾಪ್ಟರ್ ಎಂದು ಹೊರಟ ಯೋಜನೆ ಪ್ರತಿಯೊಬ್ಬರ ಬೇಡಿಕೆಗೂ ತಲೆಬಾಗಿ 20ಕ್ಕೂ ಹೆಚ್ಚು ಆವೃತ್ತಿಗಳಾಗಿ ಒಡೆಯಿತು. 2001ರಲ್ಲಿ 14 ಹೆಲಿಕಾಪ್ಟರುಗಳಿಗೆ ಬೇಡಿಕೆ ಸಲ್ಲಿಸಿದ್ದ ನಾರ್ವೆ, 2022ರ ಜೂನ್‌ನಲ್ಲಿ ಬಂದಷ್ಟನ್ನೂ ಹಿಂದಿರುಗಿಸುತ್ತೇವೆ, ಹಣ ವಾಪಸು ಕೊಡಿ ಎಂದಿತು. ಮರುವರ್ಷ ಆಸ್ಟ್ರೇಲಿಯಾ ತನ್ನ ಹೆಲಿಕಾಪ್ಟರುಗಳನ್ನು ಅವಧಿಗೆ ಮುನ್ನವೇ ಸೇವೆಯಿಂದ ತೆಗೆದುಹಾಕಿತು.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಟಾರ್ನೇಡೊ ವಿಮಾನದ್ದು, ಮತ್ತು ಅದು ಕಡೆಗಣಿಸುವಂಥದ್ದಲ್ಲ. ಬ್ರಿಟನ್, ಜರ್ಮನಿ, ಇಟಲಿ ಕೂಡಿ ರೂಪಿಸಿದ ಈ ಬಾಂಬರ್ 1974ರಲ್ಲಿ ಮೊದಲ ಸಲ ಹಾರಿ, 992ರಷ್ಟು ಸಂಖ್ಯೆಯಲ್ಲಿ ತಯಾರಾಗಿ, ದಶಕಗಳ ಕಾಲ ಸೇವೆ ಸಲ್ಲಿಸಿತು. ಆದರೆ ಆ ಯಶಸ್ಸಿನ ಆಧಾರವೇನಿತ್ತು? ಮೂರೂ ದೇಶಗಳ ಎದುರಾಳಿ ಒಬ್ಬನೇ ಆಗಿದ್ದ, ಯುದ್ಧ ನಡೆಯಬಹುದಾದ ನೆಲ ಒಂದೇ ಆಗಿತ್ತು, ಬೆಟ್ಟಗುಡ್ಡಗಳಿಗೆ ಒತ್ತಿಕೊಂಡಂತೆ ಕೆಳಮಟ್ಟದಲ್ಲಿ ನುಗ್ಗಿ ಬಾಂಬ್ ಹಾಕುವ ಕೆಲಸವೂ ಒಂದೇ ಆಗಿತ್ತು. ಬೇರೆ ವಿಮಾನ ಬೇಕೆನಿಸಿದ ಕೆನಡಾ, ಬೆಲ್ಜಿಯಂ, ನೆದರ್ಲೆಂಡ್ಸ್ ಮೊದಲೇ ಹೊರಬಿದ್ದಿದ್ದವು. ಅಷ್ಟರ ನಡುವೆಯೂ ವಾಯುರಕ್ಷಣೆಗೆ ಬೇರೆಯೇ ಆವೃತ್ತಿ ಬೇಕೆನಿಸಿದ ಬ್ರಿಟನ್ ಅದನ್ನು ಪ್ರತ್ಯೇಕವಾಗಿ ಮಾಡಿಕೊಂಡಿತು, ರೇಡಾರ್ ಸಿದ್ಧವಾಗದೆ ಮೊದಲ ವಿಮಾನಗಳು ಮೂತಿಯಲ್ಲಿ ರೇಡಾರಿನ ಬದಲು ಕಾಂಕ್ರೀಟಿನ ತೂಕ ಹೊತ್ತು ಹಾರಿದವು (ಆ ಪ್ರಮಾದ ಬ್ರಿಟಿಷರ ಸ್ವಂತದ್ದು, ಕೂಟದ ತಲೆಗೆ ಕಟ್ಟುವುದು ನ್ಯಾಯವಲ್ಲ). ಮೂರು ಷರತ್ತುಗಳೂ ಬಹುಪಾಲು ಈಡೇರಿದ ಅಪರೂಪದ ಸಂದರ್ಭ ಟಾರ್ನೇಡೊ. ಶೀತಲ ಸಮರದೊಂದಿಗೆ ಆ ಸಂದರ್ಭವೂ ಮುಗಿಯಿತು.

ಎರಡನೆಯ ಆಕ್ಷೇಪ ಅಮೆರಿಕದ ವಿಮಾನಗಳದ್ದು. 1975ರಲ್ಲಿ ಬೆಲ್ಜಿಯಂ, ಡೆನ್ಮಾರ್ಕ್, ನೆದರ್ಲೆಂಡ್ಸ್, ನಾರ್ವೆ ದೇಶಗಳು ಒಟ್ಟು 348 ಎಫ್-16 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡು, ಅವುಗಳನ್ನು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಜೋಡಿಸಿದವು. ಅದು ಯಶಸ್ವಿಯೂ ಆಯಿತು. ಆದರೆ ಒಪ್ಪಂದದ ಹೊತ್ತಿಗೆ ಅದರ ಮಾದರಿ ಹಾರಿ ವರ್ಷ ಕಳೆದಿತ್ತು. ಐರೋಪ್ಯರು ಹಂಚಿಕೊಂಡದ್ದು ತಯಾರಿಕೆಯನ್ನು, ವಿನ್ಯಾಸದ ಕೊನೆಯ ಮಾತನ್ನಲ್ಲ. ಎಫ್-35ರಲ್ಲಿ ಅಮೆರಿಕದ ಜೊತೆ ಎಂಟು ದೇಶಗಳು ಪಾಲುದಾರರಾದರೂ ಕೆಲಸ ಹಂಚಿಕೆಗೆ ಸಿದ್ಧ ಅನುಪಾತವಿರಲಿಲ್ಲ, ಕಂಪನಿಗಳು ಸ್ಪರ್ಧಿಸಿ ಗೆಲ್ಲಬೇಕಿತ್ತು, ಮತ್ತು ಅಂತಿಮ ಅಧಿಕಾರ ಯಾರದೆಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದ ಟರ್ಕಿ, ರಷ್ಯಾದ ಕ್ಷಿಪಣಿ ವ್ಯವಸ್ಥೆ ಕೊಂಡದ್ದಕ್ಕಾಗಿ 2019ರಲ್ಲಿ ಯೋಜನೆಯಿಂದ ಹೊರದಬ್ಬಿಸಿಕೊಂಡು ಪಾಠ ಕಲಿಯಿತು. ಇಷ್ಟರ ಮೇಲೂ, ಒಂದೇ ದೇಶದ ಮೂರು ಸೇನಾಂಗಗಳಿಗೆ ಬೇಕಾದ ಮೂರು ಆವೃತ್ತಿಗಳಲ್ಲಿ ಬಹುಪಾಲು ಭಾಗಗಳು ಒಂದೇ ಆಗಿರುತ್ತವೆಂಬ ಮೊದಲ ಭರವಸೆ, 2016ರಲ್ಲಿ ಯೋಜನೆಯ ಮುಖ್ಯಸ್ಥರೇ ಒಪ್ಪಿಕೊಂಡಂತೆ, ಶೇಕಡಾ 20-25ಕ್ಕೆ ಇಳಿದಿತ್ತು. ಒಂದೇ ದೇಶದ ವಾಯುಪಡೆ, ನೌಕಾಪಡೆಗಳೇ ಒಂದು ವಿಮಾನದಲ್ಲಿ ತೃಪ್ತವಾಗದಿದ್ದರೆ ಬೇರೆಬೇರೆ ದೇಶಗಳ ಗತಿಯೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಯುರೋಪಿನಲ್ಲೂ ನಾಯಕನಿದ್ದಾಗ ಫಲಿತಾಂಶ ಬೇರೆಯಾಗಿದೆ. ಫ್ರಾನ್ಸಿನ ಡಸಾಲ್ಟ್ ಕಂಪನಿಯ ಮುಂದಾಳ್ತನದಲ್ಲಿ ಆರು ದೇಶಗಳು ಸೇರಿ ರೂಪಿಸಿದ ನ್ಯೂರಾನ್ ಎಂಬ ಪೈಲಟ್‌ರಹಿತ ಪ್ರಾಯೋಗಿಕ ವಿಮಾನ 2012ರ ಡಿಸೆಂಬರ್ 1ರಂದು ಹಾರಿತು. ಅಲ್ಲಿ ನಿರ್ಧಾರ ಒಬ್ಬರದಾಗಿತ್ತು, ಉಳಿದವರು ಕೆಲಸ ಮಾಡಿಕೊಟ್ಟರು. ಇವೆಲ್ಲ ಸಹಕಾರದ ಉದಾಹರಣೆಗಳೆಂದು ವಾದಿಸುವುದಾದರೆ ವಾದಿಸಲಿ, ಸಮಾನ ಪಾಲುದಾರಿಕೆಯ ಉದಾಹರಣೆಗಳಂತೂ ಅಲ್ಲ. ಪೂರ್ವಪಕ್ಷ ಮಾರುತ್ತಿರುವುದು ಸಮಾನ ಪಾಲುದಾರಿಕೆಯನ್ನೇ.

ಲೆಕ್ಕದಲ್ಲಿ ಸೋತ ಸಹಕಾರವಾದ ಕೊನೆಗೆ ಆಶ್ರಯಿಸುವುದು ರಾಜಕೀಯ ಐಕ್ಯದ ಮಾತನ್ನು: ಹಣ ಹೆಚ್ಚಾದರೂ ಚಿಂತೆಯಿಲ್ಲ, ಮಿತ್ರರನ್ನು ಬೆಸೆಯಿತಲ್ಲ. ಬೆಸೆದದ್ದಕ್ಕೂ ದಾಖಲೆ ಬೇಕು. 1967ರಲ್ಲಿ ಬ್ರಿಟನ್ನಿನೊಂದಿಗೆ ಕೂಡಿ ರೂಪಿಸುತ್ತಿದ್ದ, ರೆಕ್ಕೆಯ ಕೋನ ಬದಲಿಸಬಲ್ಲ ಯುದ್ಧವಿಮಾನದ ಯೋಜನೆಯಿಂದ ಫ್ರಾನ್ಸ್ ಹೊರಬಂದಿತು, ಮತ್ತು ಅದೇ ವರ್ಷ ಅದೇ ಬಗೆಯ ಸ್ವಂತ ವಿಮಾನವನ್ನು ಹಾರಿಸಿ ತೋರಿಸಿತು. 1985ರ ಕಥೆ ಮೇಲೆ ಬಂದಿದೆ. 2017ರ ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್ ಮತ್ತು ಜರ್ಮನಿಯ ಚಾನ್ಸಲರ್ ಮರ್ಕೆಲ್ ಘೋಷಿಸಿ, ನಂತರ ಸ್ಪೇನ್ ಸೇರಿಕೊಂಡ, 2040ರ ಹೊತ್ತಿಗೆ ಸಿದ್ಧವಾಗಬೇಕಾದ ಭವಿಷ್ಯದ ಯುದ್ಧವಿಮಾನ ಯೋಜನೆಯಲ್ಲಿ 320 ಕೋಟಿ ಯೂರೋಗಳ ಹಂತದ ಒಪ್ಪಂದಕ್ಕೆ ಸಹಿ ಬೀಳಲು 2022ರ ಡಿಸೆಂಬರ್ ಬರಬೇಕಾಯಿತು. ಹೆಸರಿಗೆ ಡಸಾಲ್ಟ್ ಮುಂದಾಳು, ಆದರೆ ಜರ್ಮನಿ ಮತ್ತು ಸ್ಪೇನ್ ಎರಡರ ಪರವಾಗಿಯೂ ಕೂರುವುದು ಏರ್‌ಬಸ್, ಹೀಗಾಗಿ ಮುಂದಾಳಿನ ಕೈಯಲ್ಲಿರುವುದು ಮೂರರಲ್ಲೊಂದು ಪಾಲು ಮಾತ್ರ. 2025 ಮುಗಿದರೂ ಮುಂದಿನ ಹಂತದ ಒಪ್ಪಂದ ಇತ್ಯರ್ಥವಾಗಿರಲಿಲ್ಲ. ರಫ್ತಿನ ವಿಷಯದಲ್ಲಿ ಬೆಸುಗೆ ಇನ್ನೂ ದುರ್ಬಲ: ಕೂಟದ ವಿಮಾನವನ್ನು ಹೊರಗಿನವರಿಗೆ ಮಾರಬೇಕಾದರೆ ಪಾಲುದಾರರ ಒಪ್ಪಿಗೆ ಬೇಕು. ಸೌದಿ ಅರೇಬಿಯಾಕ್ಕೆ ಇನ್ನಷ್ಟು ಟೈಫೂನ್ ಮಾರಲು ಬ್ರಿಟನ್ ಹವಣಿಸುತ್ತಿದ್ದಾಗ ಜರ್ಮನಿ 2024ರ ಜನವರಿಯವರೆಗೂ ಅದಕ್ಕೆ ಅಡ್ಡಲಾಗಿ ನಿಂತಿತ್ತು. ಜರ್ಮನಿಯ ನೈತಿಕ ಆಕ್ಷೇಪ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಒಂಟಿಯಾಗಿ ಹೋದ ಫ್ರಾನ್ಸಿನ ರಫಾಲ್ ಕೂಡ ತಡವಾಯಿತು, ದುಬಾರಿಯೂ ಆಯಿತು, ನಿಜ. ಆದರೆ 2015ರ ನಂತರ ಅದನ್ನು ಈಜಿಪ್ಟಿಗೂ ಭಾರತಕ್ಕೂ ಗ್ರೀಸಿಗೂ ಸಂಯುಕ್ತ ಅರಬ್ ಸಂಸ್ಥಾನಕ್ಕೂ ಮಾರುವಾಗ ಪ್ಯಾರಿಸ್ ಇನ್ನೊಂದು ರಾಜಧಾನಿಯ ಅಪ್ಪಣೆಗೆ ಕಾಯಬೇಕಾಗಲಿಲ್ಲ. ಬ್ರಿಟನ್, ಇಟಲಿ, ಜಪಾನ್ ದೇಶಗಳು 2022ರ ಡಿಸೆಂಬರಿನಲ್ಲಿ ಆರಂಭಿಸಿದ, 2035ಕ್ಕೆ ಗುರಿಯಿಟ್ಟಿರುವ ಯೋಜನೆಯನ್ನು ಈಗ ಹೊಸ ಮಾದರಿಯೆಂದು ಮುಂದಿಡಲಾಗುತ್ತಿದೆ. ಅದರ ಜಂಟಿ ಕಂಪನಿಯಲ್ಲಿ ಮೂರು ದೇಶಗಳ ಪಾಲೂ ಸರಿಸಮ. ಅದನ್ನು ಅದರ ಬಲವೆಂದು ಬಣ್ಣಿಸುವವರು ಮೇಲಿನ ಇತಿಹಾಸವನ್ನು ಓದಿದಂತೆ ಕಾಣುವುದಿಲ್ಲ.

ಇದೆಲ್ಲ ದೂರದ ಯುರೋಪಿನ ಮಾತೆಂದು ಕನ್ನಡ ಓದುಗರು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದೇ ನಂಬಿಕೆಗೆ ಬೆಂಗಳೂರು ಒಂದಲ್ಲ ಹಲವು ಬಾರಿ ಬೆಲೆ ತೆತ್ತಿದೆ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಇಲ್ಲಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು 1961ರ ಜೂನ್ 17ರಂದು ಹಾರಿದ ಮಾರುತ್ ಯುದ್ಧವಿಮಾನಕ್ಕೆ ಉದ್ದೇಶಿಸಿದ್ದ ಬ್ರಿಟಿಷ್ ಎಂಜಿನ್ ಅಭಿವೃದ್ಧಿ ನಡುವೆಯೇ ನಿಂತುಹೋಯಿತು. ಆಗ ಹೊಳೆದ ದಾರಿ ಈಜಿಪ್ಟಿನ ಸಹಕಾರ: ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಕೈರೋ ಬಳಿಯ ಹೆಲ್ವಾನ್‌ನಲ್ಲಿ ರೂಪಿಸುತ್ತಿದ್ದ ಇ-300 ಎಂಜಿನ್ ಭಾರತದ ಮಾರುತ್‌ಗೂ ಈಜಿಪ್ಟಿನ ಎಚ್‌ಎ-300 ವಿಮಾನಕ್ಕೂ ಆಗಬಹುದೆಂಬುದು ಎರಡೂ ದೇಶಗಳ ಎಣಿಕೆ. ಒಡಲು ಒಬ್ಬರದು, ಎಂಜಿನ್ ಇನ್ನೊಬ್ಬರದು; ಕಾಗದದ ಮೇಲೆ ಇದಕ್ಕಿಂತ ಚೆಂದದ ಹೊಂದಾಣಿಕೆ ಇರಲಾರದು. 1964ರ ಮಾರ್ಚ್ 7ರಂದು ಈಜಿಪ್ಟಿನ ವಿಮಾನವನ್ನು ಮೊದಲ ಸಲ ಹಾರಿಸಿದ್ದೇ ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. 1967ರ ಮಾರ್ಚ್‌ನಲ್ಲಿ ಆ ಎಂಜಿನ್ ಹೊತ್ತ ಮಾರುತ್ ಈಜಿಪ್ಟಿನ ಆಕಾಶದಲ್ಲಿ ಹಾರಿತು. ಮೂರು ತಿಂಗಳೊಳಗೆ ಇಸ್ರೇಲಿನೊಂದಿಗಿನ ಯುದ್ಧದಲ್ಲಿ ಈಜಿಪ್ಟಿನ ವಾಯುಪಡೆ ನೆಲಕಚ್ಚಿತು, 1969ರಲ್ಲಿ ಯೋಜನೆಯೇ ಮುಚ್ಚಿತು. ಯಾರ ದುರುದ್ದೇಶವೂ ಇಲ್ಲದೆ, ಒಂದು ದೇಶದ ಯುದ್ಧ ಇನ್ನೊಂದು ದೇಶದ ವಿಮಾನದ ಭವಿಷ್ಯವನ್ನು ತೀರ್ಮಾನಿಸಿತು. ಮಾರುತ್ ಹಳೆಯ, ಶಕ್ತಿ ಸಾಲದ ಎಂಜಿನ್ನಿನಲ್ಲೇ ಉಳಿದು, ಶಬ್ದದ ವೇಗ ಮೀರಲೆಂದು ರೂಪಿಸಿದ ವಿಮಾನ ಸಮತಲ ಹಾರಾಟದಲ್ಲಿ ಆ ವೇಗವನ್ನು ಎಂದೂ ದಾಟಲಿಲ್ಲ.

1978ರಲ್ಲಿ ಭಾರತ ಆರಿಸಿಕೊಂಡು, ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದಶಕಗಳ ಕಾಲ ತಯಾರಾದ ಜಾಗ್ವಾರ್ ಸ್ವತಃ ಬ್ರಿಟನ್-ಫ್ರಾನ್ಸ್ ಕೂಟದ ಕೂಸು. ಅದರ ಫ್ರೆಂಚ್ ಪಾಲುದಾರ ಬ್ರೆಗೆ ಕಂಪನಿಯನ್ನು ಡಸಾಲ್ಟ್ ನುಂಗಿಕೊಂಡಿದ್ದರಿಂದ, ದೆಹಲಿಯ ಆಯ್ಕೆಯ ಸ್ಪರ್ಧೆಯಲ್ಲಿ ಜಾಗ್ವಾರ್‌ನ ಅರ್ಧ ಒಡೆತನವುಳ್ಳ ಕಂಪನಿಯೇ ತನ್ನ ಮಿರಾಜ್ ಎಫ್-1 ವಿಮಾನವನ್ನು ಅದರ ಎದುರು ನಿಲ್ಲಿಸಿತ್ತು. ಪಾಲುದಾರನೇ ಪ್ರತಿಸ್ಪರ್ಧಿಯಾದರೆ ಹೇಗಿರುತ್ತದೆಂಬುದನ್ನು ದೆಹಲಿ ಆಗಲೇ ಕಣ್ಣಾರೆ ಕಂಡಿತ್ತು. ಆದರೂ 2007ರಲ್ಲಿ ರಷ್ಯಾದೊಡನೆ ಐದನೇ ಪೀಳಿಗೆಯ ಯುದ್ಧವಿಮಾನವನ್ನು ಜಂಟಿಯಾಗಿ ರೂಪಿಸುವ ಒಪ್ಪಂದವಾಯಿತು. ಎಚ್‌ಎಎಲ್ ಪಾಲ್ಗೊಳ್ಳಬೇಕಿದ್ದ ಪ್ರಾಥಮಿಕ ವಿನ್ಯಾಸದ 29.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2010ರ ಡಿಸೆಂಬರಿನಲ್ಲಿ. ಅದಕ್ಕೆ ಆಧಾರವಾದ ಸುಖೋಯ್ ವಿಮಾನ ರಷ್ಯಾದಲ್ಲಿ ಮೊದಲು ಹಾರಿದ್ದು ಅದೇ ವರ್ಷದ ಜನವರಿ 29ರಂದು. ಹಾರಿ ಹನ್ನೊಂದು ತಿಂಗಳಾದ ವಿಮಾನದ ಪ್ರಾಥಮಿಕ ವಿನ್ಯಾಸದಲ್ಲಿ ಪಾಲ್ಗೊಳ್ಳುವುದೆಂದರೆ ಏನೆಂದು ಸಂಸತ್ತಿನಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಗಟ್ಟಿಯಾಗಿ ಕೇಳಬೇಕಾಗಿತ್ತು. 2018ರಲ್ಲಿ ಭಾರತ ಹೊರಬಂದಿತು. ರಷ್ಯಾದೊಡನೆಯೇ ರೂಪಿಸಬೇಕಿದ್ದ ಸಾಗಣೆ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಜಂಟಿ ಕಂಪನಿಯೇ ಸ್ಥಾಪನೆಯಾಗಿತ್ತು; ಭಾರತಕ್ಕೆ ಗಣಕನಿಯಂತ್ರಿತ ಹೊಸ ಎಂಜಿನ್ ಬೇಕಿತ್ತು, ರಷ್ಯಾ ತನ್ನಲ್ಲಿದ್ದ ಹಳೆಯ ಎಂಜಿನ್ನೇ ಸಾಕೆಂದಿತು, ವಿಮಾನದ ಒಂದು ಮಾದರಿಯೂ ಹೊರಬರದೆ ಅದು ಮುಗಿಯಿತು. ರಷ್ಯಾದೊಂದಿಗಿನ ಬ್ರಹ್ಮೋಸ್ ಕ್ಷಿಪಣಿ ಯಶಸ್ವಿಯಾಯಿತಲ್ಲ ಎಂದರೆ, ಅದಕ್ಕೆ ರಷ್ಯಾದ ಬಳಿ ಸಿದ್ಧವಾಗಿದ್ದ ಓನಿಕ್ಸ್ ಕ್ಷಿಪಣಿಯ ವಿನ್ಯಾಸವೇ ಬುನಾದಿಯಾಗಿತ್ತೆಂಬುದನ್ನು, ಎಫ್-16ರ ಹಾಗೆಯೇ, ಮರೆಯಬಾರದು.

ಭಾರತವೂ ಹೊಸ ಐರೋಪ್ಯ ಕೂಟಗಳಲ್ಲೊಂದಕ್ಕೆ ಸೇರಿಬಿಡಬೇಕೆಂಬ ಸಲಹೆ ಈಗ ಕೇಳಿಬರುತ್ತಿರುವುದರಿಂದ ಈ ಖಂಡನೆ ಕೇವಲ ಇತಿಹಾಸದ ವಿಷಯವಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಏಜೆನ್ಸಿ ರೂಪಿಸುತ್ತಿರುವ, ರೇಡಾರಿಗೆ ಸುಲಭವಾಗಿ ಕಾಣದ ಎಎಂಸಿಎ ಯುದ್ಧವಿಮಾನಕ್ಕೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಸುಮಾರು 15,000 ಕೋಟಿ ರೂಪಾಯಿ ಮಂಜೂರು ಮಾಡಿದೆ, ಮತ್ತು ಅದರ ಎಂಜಿನನ್ನು ಫ್ರೆಂಚ್ ಕಂಪನಿಯೊಂದರ ಜೊತೆಗೂಡಿ ಭಾರತದಲ್ಲೇ ರೂಪಿಸುವುದಾಗಿ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಪ್ರಕಟಿಸಿದ್ದಾರೆ. ಎಂಜಿನ್ ರೂಪಿಸುವ ಪೂರ್ಣ ವಿದ್ಯೆ ಇಲ್ಲಿಲ್ಲವಾದ್ದರಿಂದ ಹೊರಗಿನ ನೆರವು ಬೇಕೇ ಬೇಕು. ಆದರೆ ನೆರವು ಪಡೆಯುವುದು ಬೇರೆ, ಅಧಿಕಾರ ಹಂಚಿಕೊಳ್ಳುವುದು ಬೇರೆ. ಆ ಎಂಜಿನ್ನಿನ ವಿನ್ಯಾಸವನ್ನು ಬದಲಿಸುವ ಕೊನೆಯ ಅಧಿಕಾರ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯದೋ ಪ್ಯಾರಿಸ್ಸಿನದೋ, ಅದನ್ನು ಹೊತ್ತ ವಿಮಾನವನ್ನು ಮೂರನೆಯ ದೇಶಕ್ಕೆ ಮಾರಲು ಯಾರ ಅಪ್ಪಣೆ ಬೇಕು, ಫ್ರೆಂಚರು ನಡುವೆ ಕೈಬಿಟ್ಟರೆ ನಕ್ಷೆಗಳೂ ತಂತ್ರಾಂಶವೂ ಯಾರ ಬಳಿ ಉಳಿಯುತ್ತವೆ ಎಂಬ ಮೂರು ಪ್ರಶ್ನೆಗಳಿಗೆ ಸಹಿ ಬೀಳುವ ಮೊದಲೇ ಲಿಖಿತ ಉತ್ತರ ಪಡೆದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದಿಡುವಂತೆ ಸಂಸದರು, ಅದರಲ್ಲೂ ಬೆಂಗಳೂರಿನಿಂದ ಆರಿಸಿ ಹೋದವರು, ಸರ್ಕಾರವನ್ನು ಒತ್ತಾಯಿಸಬೇಕು.